ಸಂತಾನಾರ್ಥವಾಗಿ ಪರದೇಶಯಾತ್ರೆ



ಮನೆಯಲ್ಲಿ ತೊಟ್ಟಿಲು ತೂಗಬೇಕೆಂಬ ಹಂಬಲವು ಮನುಷ್ಯಜಾತಿಯಷ್ಟೇ ಹಳೆಯದು. ಆ ಹಂಬಲವನ್ನು ಹಳಿಯುವುದು ಈ ಉಪನ್ಯಾಸದ ಉದ್ದೇಶವಲ್ಲ. ಮದುವೆಯಾಗಿ ಐದಾರು ವರ್ಷಗಳು ಕಳೆದರೂ ಮಡಿಲು ತುಂಬದ ಹೆಣ್ಣುಮಗಳು ನೆರೆಯವರಿಂದಲೂ ನೆಂಟರಿಂದಲೂ, ಒಮ್ಮೊಮ್ಮೆ ಸ್ವಂತ ಅತ್ತೆಯಿಂದಲೂ ಕೇಳಬೇಕಾಗಿ ಬರುವ ಮಾತುಗಳು ಎಷ್ಟು ಕಠೋರವಾಗಿರುತ್ತವೆಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ತಿಳಿಯದ ಸಂಗತಿಯಲ್ಲ. ನಾಮಕರಣದ ಮನೆಗೆ ಅಂಥವಳನ್ನು ಕರೆಯಲು ಹಿಂಜರಿಯುವವರು ಇಂದಿಗೂ ಇದ್ದಾರೆ. ದೋಷವು ಗಂಡನಲ್ಲಿಯೂ ಇರಬಹುದೆಂಬ ವಿಚಾರವೇ ಬಹುಜನರಿಗೆ ಹೊಳೆಯುವುದಿಲ್ಲ. ವೈದ್ಯಶಾಸ್ತ್ರವಾದರೋ ಅನೇಕ ಪ್ರಸಂಗಗಳಲ್ಲಿ ಪುರುಷನ ವೀರ್ಯದೋಷವೇ ಕಾರಣವೆಂದು ನಿಃಸಂಶಯವಾಗಿ ತೋರಿಸಿಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ನೆಯ ಇಸವಿಯಲ್ಲಿ ಪ್ರಕಟಿಸಿದ ವರದಿಯಂತೆ, ಪ್ರಾಯಸ್ಥರಲ್ಲಿ ಸುಮಾರು ಆರು ಜನರಿಗೊಬ್ಬರು ತಮ್ಮ ಆಯುಷ್ಯದಲ್ಲಿ ಎಂದಾದರೊಮ್ಮೆ ಸಂತಾನಹೀನತೆಯ ಕಷ್ಟವನ್ನು ಅನುಭವಿಸುವರು. ಆರರಲ್ಲೊಬ್ಬರಿಗೆ ಬರುವ ಕಷ್ಟವನ್ನು ಪಾಪದ ಫಲವೆಂದಾಗಲಿ, ಶಾಪವೆಂದಾಗಲಿ ಕರೆಯುವುದು ಅಜ್ಞಾನವೇ ಸರಿ.

ಈ ಕಷ್ಟದ ಪರಿಹಾರಕ್ಕಾಗಿ ಸಮುದ್ರವನ್ನು ದಾಟಿ ಹೋಗುವ ಹೊಸದೊಂದು ಪದ್ಧತಿಯು ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಬೆಳೆದು ನಿಂತಿದೆ. ಹಿಂದಿನವರು ಸಂತಾನಾರ್ಥವಾಗಿ ಕ್ಷೇತ್ರಯಾತ್ರೆಯನ್ನು ಕೈಕೊಳ್ಳುತ್ತಿದ್ದರು. ಇಂದಿನವರು ವಿಮಾನವನ್ನೇರಿ ಪರರಾಷ್ಟ್ರದ ದವಾಖಾನೆಗೆ ಹೋಗುತ್ತಾರೆ. ಕ್ಷೇತ್ರದಿಂದ ಮರಳುವಾಗ ದಂಪತಿಗಳ ಕೈಯಲ್ಲಿ ಪ್ರಸಾದವಿರುತ್ತಿತ್ತು. ಈ ಯಾತ್ರೆಯಿಂದ ಮರಳುವಾಗ ಸಾಕ್ಷಾತ್ ಶಿಶುವೇ ಇರುತ್ತದೆ. ಆ ಶಿಶುವಿನ ತಂದೆ ಯಾರು, ತಾಯಿ ಯಾರು, ಅದು ಯಾವ ದೇಶದ ಪ್ರಜೆ ಎಂಬ ಪ್ರಶ್ನೆಗಳಿಗೆ ಎರಡು ದೇಶಗಳ ಕಾಯಿದೆಗಳು ಎರಡು ಬಗೆಯ ಉತ್ತರ ಕೊಟ್ಟಾಗ ಏನಾಗುವುದೆಂಬುದನ್ನು, ಉಪದೇಶಕ್ಕಿಂತ ಹೆಚ್ಚಾಗಿ ನಡೆದ ಸಂಗತಿಗಳಿಂದಲೇ ವಿವರಿಸುವುದು ಉಚಿತವಾಗಿ ತೋರುತ್ತದೆ.

ಮೊದಲು ವಿದ್ಯೆಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಎಂಬ ಊರಿನಲ್ಲಿ 1978ನೆಯ ಇಸವಿಯ ಜುಲೈ 25ರಂದು, ತಾಯಿಯ ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಫಲಿತಗೊಂಡ ಅಂಡಾಣುವಿನಿಂದ ಪ್ರಪಂಚದ ಮೊದಲನೆಯ ಶಿಶುವು ಜನಿಸಿತು. ಅದೇ ವರ್ಷದ ಅಕ್ಟೋಬರ 3ರಂದು ಕಲಕತ್ತೆಯಲ್ಲಿ ಡಾಕ್ಟರ್ ಸುಭಾಷ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯ ಶಿಶುವು ಹುಟ್ಟಿತು. ಓಲ್ಡ್‌ಹ್ಯಾಮಿನ ವಿಜ್ಞಾನಿಗಳಲ್ಲಿ ಒಬ್ಬರಾದ ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕಲಕತ್ತೆಯ ಡಾಕ್ಟರರ ಮಾತನ್ನು ಸರಕಾರದ ಸಮಿತಿಯು ನಂಬಲೇ ಇಲ್ಲ. ಅವರು ಮನನೊಂದು 1981ರಲ್ಲಿ ಪ್ರಾಣವನ್ನು ತಾವೇ ತೆಗೆದುಕೊಂಡರು. ಒಂದೇ ವರ್ಷದಲ್ಲಿ ಒಂದೇ ಸಾಧನೆಯನ್ನು ಮಾಡಿದ ಇಬ್ಬರ ಗತಿ ಇಷ್ಟು ಭಿನ್ನವಾದುದು ವಿಷಾದದ ಸಂಗತಿ.

ಈ ಚಿಕಿತ್ಸೆಯ ಕ್ರಮವು ಹೀಗಿರುತ್ತದೆ. ಸ್ತ್ರೀಗೆ ಕೆಲವು ದಿನ ಸೂಜಿಮದ್ದುಗಳನ್ನು ಕೊಟ್ಟು, ಒಂದರ ಬದಲು ಹಲವು ಅಂಡಾಣುಗಳು ಒಮ್ಮೆಗೇ ಬಲಿಯುವಂತೆ ಮಾಡುತ್ತಾರೆ. ಅವುಗಳನ್ನು ಸೂಜಿಯಿಂದ ಹೊರತೆಗೆದು, ಪುರುಷನ ವೀರ್ಯಾಣುವಿನೊಡನೆ ಪ್ರಯೋಗಾಲಯದಲ್ಲಿ ಕೂಡಿಸಿ, ಉಂಟಾದ ಭ್ರೂಣವನ್ನು ಗರ್ಭಾಶಯದಲ್ಲಿ ಇರಿಸುವರು. ಒಮ್ಮೆ ಮಾಡಿದೊಡನೆಯೇ ಫಲಿಸುವುದೆಂಬ ಭರವಸೆಯಿಲ್ಲ. ಸ್ತ್ರೀಯ ವಯಸ್ಸು ಮೂವತ್ತೈದನ್ನು ಮೀರಿದ ಮೇಲೆ ಆಶೆಯು ವರುಷ ವರುಷಕ್ಕೆ ಕುಗ್ಗುತ್ತ ಹೋಗುವುದು. ಅಂಡಾಣುವು ತನ್ನದಾಗಿರದೆ ಬೇರೊಬ್ಬ ಸ್ತ್ರೀಯದಾಗಿರಬಹುದು. ಗರ್ಭಾಶಯವೂ ಬೇರೊಬ್ಬಳದಾಗಿರಬಹುದು. ಈ ಎರಡನೆಯದನ್ನೇ ಜನರು ಬಾಡಿಗೆ ತಾಯ್ತನವೆಂದು ಕರೆಯುತ್ತಾರೆ. ಈ ಹೆಸರು ರೂಢಿಗೆ ಬಂದುದು ದುರ್ದೈವ. ಬಾಡಿಗೆಯ ಮನೆಯನ್ನು ಬಿಟ್ಟು ಹೋಗುವವನು ಗೋಡೆಗೆ ಸುಣ್ಣ ಹೊಡೆಸಿಕೊಟ್ಟರೆ ಅವನ ಋಣ ತೀರಿತು. ಒಂಬತ್ತು ತಿಂಗಳು ಹೊತ್ತ ಒಡಲಿಗೆ ಹಾಗೆ ಸುಣ್ಣ ಹೊಡೆಯಲು ಬಾರದು.

ಸ್ವದೇಶದಲ್ಲಿ ದವಾಖಾನೆಗಳಿರುವಾಗ ಪರದೇಶಕ್ಕೆ ಹೋಗುವುದೇಕೆಂದು ಯಾರಾದರೂ ಕೇಳಬಹುದು. ಕೆಲವರಿಗೆ ಖರ್ಚು ಅಡ್ಡವಾಗುತ್ತದೆ, ಕೆಲವರಿಗೆ ಗುಟ್ಟು ಬೇಕಾಗಿರುತ್ತದೆ. ಆದರೆ ಹೆಚ್ಚಿನವರನ್ನು ಹೊರದೂಡುವುದು ಅವರ ದೇಶದ ಕಾಯಿದೆ. ಜರ್ಮನಿಯಲ್ಲಿ 1990ರಲ್ಲಿ ಅಂಗೀಕೃತವಾದ ಭ್ರೂಣರಕ್ಷಣೆಯ ಕಾಯಿದೆಯು ಅಂಡಾಣುದಾನದ ಚಿಕಿತ್ಸೆಯನ್ನೂ ಬದಲಿ ತಾಯ್ತನದ ಚಿಕಿತ್ಸೆಯನ್ನೂ ವೈದ್ಯರಿಗೆ ನಿಷೇಧಿಸಿತು. ಆದುದರಿಂದ ಜರ್ಮನ್ ದಂಪತಿಗಳು ಅಂಡಾಣುವಿಗಾಗಿ ಸ್ಪೇನಿಗೂ ಚೆಕ್ ದೇಶಕ್ಕೂ ಹೋಗತೊಡಗಿದರು. ಇಂಗ್ಲೆಂಡಿನಲ್ಲಿ 2005ನೆಯ ಇಸವಿಯ ಏಪ್ರಿಲಿನಿಂದ ದಾನಿಯ ಹೆಸರನ್ನು ಮರೆಮಾಡುವ ಪದ್ಧತಿಯು ರದ್ದಾಯಿತು. ಅಲ್ಲಿಂದೀಚೆಗೆ ಅಲ್ಲಿಯ ದಾನದಿಂದ ಹುಟ್ಟಿದ ಮಗುವು ಹದಿನೆಂಟು ವರ್ಷ ತುಂಬಿದ ಮೇಲೆ ದಾನಿಯು ಯಾರೆಂದು ಕೇಳಿ ತಿಳಿಯಬಹುದು. ಸ್ಪೇನಿನ ಕಾಯಿದೆಯಲ್ಲಾದರೋ ದಾನಿಯ ಹೆಸರು ಗುಪ್ತವಾಗಿಯೇ ಇರತಕ್ಕದ್ದು. ಹೀಗಾಗಿ ಒಂದೇ ಓಣಿಯಲ್ಲಿ ಬೆಳೆಯುವ ಇಬ್ಬರು ಇಂಗ್ಲಿಷ್ ಮಕ್ಕಳಲ್ಲಿ ಒಬ್ಬನಿಗೆ ತನ್ನ ಮೂಲವನ್ನು ಅರಿಯುವ ಹಕ್ಕಿದೆ, ಸ್ಪೇನಿನಲ್ಲಿ ಚಿಕಿತ್ಸೆ ಪಡೆದ ತಾಯಿಯ ಮಗನಿಗೆ ಅದು ಇಲ್ಲ. ಯಾತ್ರೆಯನ್ನು ಕೈಕೊಂಡವರು ತಂದೆತಾಯಿಗಳು. ಹಕ್ಕನ್ನು ಕಳೆದುಕೊಂಡದ್ದು ಮಗು.

ಈಗ ಭಾರತದ ಸಂಗತಿಗೆ ಬರಬೇಕು. ಗುಜರಾತದ ಆಣಂದವು ಹಾಲಿನ ಸಹಕಾರೀ ಸಂಘದಿಂದ ಲೋಕಪ್ರಸಿದ್ಧವಾದ ಊರು. 2004ನೆಯ ಇಸವಿಯಲ್ಲಿ ಅಲ್ಲಿ ಒಬ್ಬ ತಾಯಿಯು ಇಂಗ್ಲೆಂಡಿನಲ್ಲಿ ನೆಲೆಸಿದ್ದ ತನ್ನ ಮಗಳಿಗಾಗಿ ಗರ್ಭವನ್ನು ಹೊತ್ತು, ತನ್ನ ಮೊಮ್ಮಕ್ಕಳಾದ ಅವಳಿಗಳನ್ನು ತಾನೇ ಹೆತ್ತಳು. ವಾತ್ಸಲ್ಯದಿಂದ ನಡೆದ ಆ ಕಾರ್ಯದ ವಾರ್ತೆ ದೇಶದೇಶಗಳಿಗೆ ಹಬ್ಬಿತು. ಅದರ ಬೆನ್ನ ಹಿಂದೆಯೇ ಹಣ ಕೊಟ್ಟು ಮಾಡಿಸುವ ಕಾರ್ಯವೂ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2005ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಗರ್ಭ ಹೊತ್ತವಳಿಗೆ ಹಣ ಸಂದಾಯ ಮಾಡುವುದಕ್ಕೆ ಎಡೆಕೊಟ್ಟವು. ಅವುಗಳಿಗೆ ಕಾಯಿದೆಯ ಬಲವಿರಲಿಲ್ಲ. ಅಮೇರಿಕೆಯಲ್ಲಿ ತಗಲುತ್ತಿದ್ದುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಕಾರ್ಯವಾಗುತ್ತಿದ್ದುದರಿಂದ ಜಪಾನ, ಜರ್ಮನಿ, ಇಸ್ರೇಲ, ಇಂಗ್ಲೆಂಡ್, ಅಮೇರಿಕೆ ಮೊದಲಾದ ಕಡೆಗಳಿಂದ ದಂಪತಿಗಳು ಬಂದರು.

ಹಾಗೆ ಬಂದವರಲ್ಲಿ ಜಪಾನಿನ ದಂಪತಿಗಳೊಬ್ಬರ ಕಥೆಯು ವಿಸ್ತಾರವಾಗಿ ಹೇಳತಕ್ಕದ್ದಾಗಿದೆ. ಗಂಡನ ವೀರ್ಯಾಣು, ಹೆಸರು ತಿಳಿಯದ ದಾನಿಯೊಬ್ಬಳ ಅಂಡಾಣು, ಗುಜರಾತದ ಸ್ತ್ರೀಯೊಬ್ಬಳ ಗರ್ಭ: ಹೀಗೆ ಒಪ್ಪಂದವಾಗಿತ್ತು. ಶಿಶುವು ಇನ್ನೂ ಗರ್ಭದಲ್ಲಿರುವಾಗಲೇ ಆ ಗಂಡಹೆಂಡಿರು ವಿವಾಹವನ್ನು ಮುರಿದುಕೊಂಡರು. 2008ನೆಯ ಇಸವಿಯ ಜುಲೈ 25ರಂದು ಹೆಣ್ಣುಮಗುವು ಜನಿಸಿತು. ಓಲ್ಡ್‌ಹ್ಯಾಮಿನ ಮಗುವಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನವೇ ಅದು. ಬೇರ್ಪಟ್ಟ ಹೆಂಡತಿಯು ಮಗುವು ತನಗೆ ಬೇಡವೆಂದಳು. ಹೊತ್ತವಳ ಕರ್ತವ್ಯವು ಒಪ್ಪಂದದ ಪ್ರಕಾರ ಹೆರಿಗೆಯೊಡನೆ ಮುಗಿದಿತ್ತು. ಅಂಡಾಣುವನ್ನಿತ್ತವಳು ಯಾರೆಂಬುದು ಗೊತ್ತಿರಲಿಲ್ಲ. ಮೂವರು ತಾಯಂದಿರಿದ್ದರೂ ಕೂಸಿಗೆ ಒಬ್ಬ ತಾಯಿಯೂ ಇಲ್ಲದಂತಾಯಿತು. ತಂದೆಯು ಮಗುವನ್ನು ಮನಃಪೂರ್ವಕವಾಗಿ ಬಯಸಿದನು. ಆದರೆ ಜಪಾನಿನ ಕಾಯಿದೆಯ ದೃಷ್ಟಿಯಲ್ಲಿ ಹೆತ್ತವಳೇ ತಾಯಿ, ಹೆತ್ತವಳು ಭಾರತೀಯಳು, ಆದುದರಿಂದ ಮಗುವಿಗೆ ಜಪಾನಿನ ರಹದಾರಿಯಿಲ್ಲ. ಇತ್ತ ಭಾರತದಲ್ಲಿ ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ದತ್ತಕವಾಗಿ ಕೊಡಲು ನಿಯಮವು ಒಪ್ಪುವುದಿಲ್ಲ. ತನ್ನ ರಕ್ತದಿಂದ ಹುಟ್ಟಿದ ಮಗಳನ್ನು ದತ್ತಕ ಪಡೆಯಬೇಕಾದ ಪ್ರಸಂಗವೇ ವಿಚಿತ್ರ, ಅದೂ ಸಾಧ್ಯವಿಲ್ಲವೆಂದಾದುದು ಇನ್ನೂ ವಿಚಿತ್ರ.

ಕೂಸು ಹುಟ್ಟಿದ ಮರುದಿನವೇ ಅಹಮದಾಬಾದಿನಲ್ಲಿ ಬಾಂಬುಗಳು ಸ್ಫೋಟಗೊಂಡವು. ಭಯದಿಂದ ಅದನ್ನು ಜಯಪುರದ ದವಾಖಾನೆಯೊಂದಕ್ಕೆ ಒಯ್ದರು. ತಂದೆಯ ಪ್ರವೇಶಪತ್ರದ ಅವಧಿಯು ತೀರಿದ್ದರಿಂದ ಅವನು ಹಿಂದಿರುಗಬೇಕಾಯಿತು. ಅವನ ವೃದ್ಧ ತಾಯಿಯು ಭಾಷೆ ತಿಳಿಯದ ನಾಡಿಗೆ ಬಂದು ಮೊಮ್ಮಗಳ ಬಳಿ ಕುಳಿತಳು. ಅಷ್ಟರಲ್ಲಿ ಜಯಪುರದ ಸಂಸ್ಥೆಯೊಂದು ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಕಾಯಿದೆಯಿಲ್ಲದ ಇಂಥ ವ್ಯವಹಾರವು ಮಕ್ಕಳ ಮಾರಾಟಕ್ಕೆ ದಾರಿಯೆಂದು ವಾದಿಸಿತು. ಅಜ್ಜಿಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. ಸೆಪ್ಟೆಂಬರ 29ರಂದು ತೀರ್ಪು ಬಂದಿತು; ನವೆಂಬರದಲ್ಲಿ ತಾಯಿಯ ಹೆಸರೂ ರಾಷ್ಟ್ರೀಯತೆಯೂ ಇಲ್ಲದ ಒಂದು ಗುರುತಿನ ಪತ್ರವನ್ನು ಸರಕಾರವು ಕೊಟ್ಟಿತು; ಜಪಾನವು ದಯೆಯ ಆಧಾರದ ಮೇಲೆ ಒಂದು ವರ್ಷದ ಪ್ರವೇಶಪತ್ರವನ್ನಿತ್ತಿತು. ಮೂರು ತಿಂಗಳಿಗೆ ಮೇಲ್ಪಟ್ಟು ನೆಲೆಯಿಲ್ಲದಿದ್ದ ಕೂಸನ್ನೆತ್ತಿಕೊಂಡು ಅಜ್ಜಿಯು ಸ್ವದೇಶಕ್ಕೆ ಹೋದಳು. ಈ ಇಡೀ ಪ್ರಕರಣದಲ್ಲಿ ದುಷ್ಟರೆಂದು ಬೊಟ್ಟು ಮಾಡಿ ತೋರಿಸಬಹುದಾದವರು ಒಬ್ಬರೂ ಇಲ್ಲವೆಂಬುದೇ ವಿಚಾರ ಮಾಡತಕ್ಕ ಸಂಗತಿ. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಕಾಯಿದೆಯನ್ನು ಸರಿಯಾಗಿಯೇ ಓದಿದನು.

ಅದೇ ಆಣಂದದಲ್ಲಿ ಅದೇ ವರ್ಷದ ಜನೇವರಿಯಲ್ಲಿ ಜರ್ಮನ್ ದಂಪತಿಗಳಿಗಾಗಿ ಹುಟ್ಟಿದ ಅವಳಿ ಗಂಡುಮಕ್ಕಳ ಗತಿಯು ಇದಕ್ಕಿಂತ ದೀರ್ಘವಾಯಿತು. ಜರ್ಮನಿಯು ಅವರನ್ನು ತನ್ನ ಪ್ರಜೆಗಳೆಂದು ಒಪ್ಪಲಿಲ್ಲ. ಗುಜರಾತದ ಉಚ್ಚ ನ್ಯಾಯಾಲಯವು 2009ರ ನವೆಂಬರದಲ್ಲಿ, ಹೆತ್ತವಳು ಭಾರತೀಯಳಾದುದರಿಂದ ಮಕ್ಕಳೂ ಭಾರತೀಯರೆಂದು ಹೇಳಿತು. ಕೊನೆಗೆ ದತ್ತಕದ ಮಾರ್ಗವನ್ನು ಹಿಡಿದು, 2010ರಲ್ಲಿ ಅವರು ಜರ್ಮನಿಯನ್ನು ಸೇರುವಾಗ ಮಕ್ಕಳಿಗೆ ಎರಡು ವರ್ಷ ತುಂಬಿಹೋಗಿತ್ತು.

ಶಿಶುವಿನ ಮಾತು ಹೀಗಾಯಿತು. ಹೊತ್ತವಳ ಮಾತೇನು? ಸಮಾಜಶಾಸ್ತ್ರಜ್ಞೆಯಾದ ಅಮೃತಾ ಪಾಂಡೆಯವರು ಗುಜರಾತದಲ್ಲಿ ಇಂಥ ಸ್ತ್ರೀಯರ ನಡುವೆ ಕಾಲ ಕಳೆದು ಬರೆದ ಗ್ರಂಥವು 2014ರಲ್ಲಿ ಪ್ರಕಟವಾಗಿದೆ. ಅದರಿಂದ ತಿಳಿದುಬರುವುದೇನೆಂದರೆ, ಈ ಸ್ತ್ರೀಯರು ಗರ್ಭದ ತಿಂಗಳುಗಳನ್ನು ದವಾಖಾನೆಯವರು ಏರ್ಪಡಿಸಿದ ವಸತಿಗೃಹಗಳಲ್ಲಿ ಕಳೆಯುತ್ತಿದ್ದರು. ಅನೇಕರು ನೆರೆಹೊರೆಯವರಿಗೆ ನಿಜಸಂಗತಿಯನ್ನು ಹೇಳದೆ ಬಂದಿದ್ದರು. ದೊರೆತ ಹಣದಿಂದ ಮನೆ ಕಟ್ಟಿಸಿದವರುಂಟು, ಮಕ್ಕಳ ಶಾಲೆಯ ಖರ್ಚನ್ನು ನಡೆಸಿದವರುಂಟು. ಮುಂದೆ ಸರಕಾರವು ಈ ಮಾರ್ಗವನ್ನು ಮುಚ್ಚಿದಾಗ ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ದನಿಯೆತ್ತಿದವರೂ ಅವರೇ. ಆದುದರಿಂದ ಅವರೆಲ್ಲರನ್ನೂ ಬಲಾತ್ಕಾರಕ್ಕೆ ಈಡಾದವರೆಂದು ಬಗೆಯುವುದು ಅವರ ಬುದ್ಧಿಗೆ ಮಾಡುವ ಅಪಮಾನ. ಆದರೆ ಮಗುವು ತಮ್ಮ ಅಂಡಾಣುವಿನದಲ್ಲವೆಂದು ತಿಳಿದಿದ್ದರೂ, ಅದು ತಮ್ಮ ರಕ್ತವನ್ನುಂಡು ಬೆಳೆದುದೆಂಬ ಭಾವವನ್ನು ಆ ಸ್ತ್ರೀಯರು ಬಿಟ್ಟುಕೊಟ್ಟಿರಲಿಲ್ಲವೆಂದೂ ಆ ಗ್ರಂಥದಲ್ಲಿದೆ. ಒಪ್ಪಂದದ ಕಾಗದದಲ್ಲಿ ಈ ಭಾವಕ್ಕೆ ಕಲಮು ಇರುವುದಿಲ್ಲ. 2012ನೆಯ ಇಸವಿಯ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ, ಅಮೇರಿಕೆಯವರಿಗಾಗಿ ಎಂಟು ತಿಂಗಳ ಗರ್ಭ ಹೊತ್ತಿದ್ದ ಬಡ ಸ್ತ್ರೀಯೊಬ್ಬಳು ಕುಸಿದುಬಿದ್ದಳು. ಶಿಶುವನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆದು ಉಳಿಸಿಕೊಂಡರು. ಅವಳು ಉಳಿಯಲಿಲ್ಲ, ಅವಳಿಗೆ ಸ್ವಂತ ಮಕ್ಕಳಿದ್ದರು.

ಅದೇ 2012ರಲ್ಲಿ ಭಾರತ ಸರಕಾರವು ಎಚ್ಚೆತ್ತಿತು. ಮದುವೆಯಾಗಿ ಎರಡು ವರ್ಷವಾದ ಸ್ತ್ರೀಪುರುಷರಿಗೆ ಮಾತ್ರ, ಅದೂ ಹುಟ್ಟುವ ಮಗುವನ್ನು ತಮ್ಮ ದೇಶವು ಒಳಗೆ ಬಿಟ್ಟುಕೊಳ್ಳುವುದೆಂಬ ಪತ್ರವಿದ್ದರೆ ಮಾತ್ರ, ಈ ಕಾರ್ಯಕ್ಕೆ ಪ್ರವೇಶಪತ್ರ ಕೊಡಲಾಗುವುದೆಂದು ನಿಯಮ ಮಾಡಿತು. ನಿಯಮವು ವಿವೇಕದ್ದೇ. ಆದರೆ ವ್ಯಾಪಾರವು ನೀರಿನಂತೆ ತಗ್ಗಿನ ಕಡೆಗೆ ಹರಿಯಿತು. ಇಲ್ಲಿ ಬಾಗಿಲು ಮುಚ್ಚಿದವರು ಥಾಯ್ಲೆಂಡಿಗೆ ಹೋದರು. ಅಲ್ಲಿ ಆಸ್ಟ್ರೇಲಿಯಾದ ದಂಪತಿಗಳಿಗಾಗಿ 2013ರ ಡಿಸೆಂಬರದಲ್ಲಿ ಅವಳಿಗಳು ಹುಟ್ಟಿ, ಆರೋಗ್ಯವಂತಳಾದ ಹೆಣ್ಣುಮಗುವು ಆಸ್ಟ್ರೇಲಿಯಾಕ್ಕೆ ಹೋಗಿ, ಡೌನ್ ಲಕ್ಷಣವಿದ್ದ ಗಂಡುಮಗುವು ಹೆತ್ತವಳ ಬಳಿಯೇ ಉಳಿದ ಸುದ್ದಿಯು ಮುಂದಿನ ವರ್ಷ ಲೋಕವನ್ನೆಲ್ಲ ಕಲಕಿತು. ದಂಪತಿಗಳು ಮಗುವನ್ನು ತೊರೆದರೆಂದೇ ವೃತ್ತಪತ್ರಗಳು ಬರೆದವು. 2016ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುಟುಂಬ ನ್ಯಾಯಾಲಯವು ಸಾಕ್ಷ್ಯಗಳನ್ನು ಪರಿಶೀಲಿಸಿ, ಅವರು ತೊರೆಯಲಿಲ್ಲವೆಂದೂ, ಹೆತ್ತವಳಿಗೇ ಆ ಮಗುವಿನ ಮೇಲೆ ಮಮತೆ ಹುಟ್ಟಿ ಇಟ್ಟುಕೊಳ್ಳಬಯಸಿದಳೆಂದೂ ನಿರ್ಣಯಿಸಿತು. ಈ ನಿರ್ಣಯವನ್ನು ಓದಿದವರು ಸುದ್ದಿಯನ್ನು ಓದಿದವರಿಗಿಂತ ಬಹಳ ಕಡಿಮೆ. ಅಷ್ಟರಲ್ಲಿ, 2015ರಲ್ಲಿಯೇ, ಥಾಯ್ಲೆಂಡ್ ದೇಶವು ಪರದೇಶೀಯರಿಗೆ ಬಾಗಿಲು ಮುಚ್ಚಿತ್ತು.

ಅಲ್ಲಿಂದ ಮುಂದಿನ ತಗ್ಗು ನೇಪಾಳ. ಅಲ್ಲಿ ನಡೆದ ವ್ಯವಹಾರದ ಒಂದು ವಿಶೇಷವೇನೆಂದರೆ, ದವಾಖಾನೆಯು ನೇಪಾಳದ್ದು, ಮಗುವನ್ನು ಬಯಸಿದವರು ಇಸ್ರೇಲಿನವರು, ಗರ್ಭ ಹೊತ್ತವರಲ್ಲಿ ಹೆಚ್ಚಿನವರು ಭಾರತದಿಂದ ಒಯ್ಯಲ್ಪಟ್ಟ ಸ್ತ್ರೀಯರು. ಭಾರತದ ನಿಯಮವು ಅವರ ಬೆನ್ನಿಗೆ ಅಲ್ಲಿಯ ತನಕ ಹೋಗಲಿಲ್ಲ. 2015ರ ಏಪ್ರಿಲ 25ರಂದು ಭೂಕಂಪವಾದಾಗ ಇಸ್ರೇಲ ಸರಕಾರವು ವಿಮಾನ ಕಳಿಸಿ, ಆಗತಾನೇ ಹುಟ್ಟಿದ ಇಪ್ಪತ್ತಕ್ಕೂ ಹೆಚ್ಚು ಶಿಶುಗಳನ್ನು ಪಾರುಮಾಡಿತು. ಶಿಶುಗಳ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದವು. ಅವರನ್ನು ಕೆಲವೇ ದಿನಗಳ ಹಿಂದೆ ಹೆತ್ತಿದ್ದ ಸ್ತ್ರೀಯರ ಗತಿಯೇನಾಯಿತೆಂದು ಕೇಳಿದವರು ವಿರಳ. ಆ ವರ್ಷ ಸೆಪ್ಟೆಂಬರದಲ್ಲಿ ನೇಪಾಳವೂ, ನವೆಂಬರದಲ್ಲಿ ಭಾರತವೂ ಪರದೇಶೀಯರಿಗೆ ಪೂರ್ತಿಯಾಗಿ ಬಾಗಿಲನ್ನಿಕ್ಕಿದವು. ವ್ಯಾಪಾರವು ಕಾಂಬೋಡಿಯಾಕ್ಕೆ ಸರಿಯಿತು. 2016ರ ನವೆಂಬರದಲ್ಲಿ ಅದೂ ನಿಷೇಧಿಸಿತು. ಅಷ್ಟಕ್ಕೂ ನಿಲ್ಲದ ವ್ಯವಹಾರದಲ್ಲಿ 2018ರ ಜೂನದಲ್ಲಿ ಚೀನದವರಿಗಾಗಿ ಗರ್ಭ ಹೊತ್ತಿದ್ದ ಮೂವತ್ತಕ್ಕೂ ಹೆಚ್ಚು ಸ್ತ್ರೀಯರನ್ನು ಅಲ್ಲಿಯ ಪೋಲೀಸರು ಸೆರೆಹಿಡಿದರು. ಡಿಸೆಂಬರದಲ್ಲಿ ಅವರನ್ನು ಬಿಟ್ಟರು. ಆದರೆ ಹುಟ್ಟಿದ ಮಕ್ಕಳನ್ನು ಹದಿನೆಂಟು ವರ್ಷ ತುಂಬುವ ತನಕ ತಾವೇ ಸಾಕುವೆವೆಂದು ಬರೆದುಕೊಟ್ಟ ಮೇಲೆ. ಬಡತನದಿಂದ ಬಿಡಿಸಿಕೊಳ್ಳಲೆಂದು ಹೊತ್ತ ಶಿಶುವು ಹೀಗೆ ಅವರ ಬಡತನಕ್ಕೇ ಪಾಲುಗಾರನಾಯಿತು. ಬೀಜವು ಯಾರದೋ, ಹಣವು ಯಾರದೋ, ಶಿಕ್ಷೆ ಮಾತ್ರ ಹೊತ್ತವಳದು.

ಯುಕ್ರೇನ ದೇಶದಲ್ಲಿ ಕಾಯಿದೆಯು ಮಗುವನ್ನು ಬಯಸಿದ ದಂಪತಿಗಳನ್ನೇ ಆರಂಭದಿಂದ ತಂದೆತಾಯಿಗಳೆಂದು ಒಪ್ಪುತ್ತದೆ. ಆದುದರಿಂದ ಅಲ್ಲಿ ಇಂಥ ತೊಡಕಿಲ್ಲವೆಂದು ಬಹಳ ಜನರು ನಂಬಿದ್ದರು. 2020ರ ಮೇ ತಿಂಗಳಲ್ಲಿ, ಕೊರೋನಾ ಬೇನೆಯಿಂದ ಗಡಿಗಳೆಲ್ಲ ಮುಚ್ಚಿದ್ದಾಗ, ಕೀವ್ ನಗರದ ಹೋಟೆಲೊಂದರಲ್ಲಿ ಸಾಲಾಗಿ ತೊಟ್ಟಿಲುಗಳಲ್ಲಿ ಮಲಗಿದ್ದ 46 ಶಿಶುಗಳನ್ನು ಜಗತ್ತು ಚಲಚ್ಚಿತ್ರದಲ್ಲಿ ನೋಡಿತು. 2022ರ ಫೆಬ್ರುವರಿಯಲ್ಲಿ ಯುದ್ಧವು ಹೊತ್ತಿಕೊಂಡಾಗ ಅಂಥವೇ ಶಿಶುಗಳು ನೆಲಮಾಳಿಗೆಗಳಲ್ಲಿ ದಾದಿಯರೊಡನೆ ದಿನ ಕಳೆದವು. ಇಟಲಿಯು 2024ರ ಅಕ್ಟೋಬರದಲ್ಲಿ ಇನ್ನೊಂದು ದಾರಿಯನ್ನು ಹಿಡಿದು, ತನ್ನ ಪ್ರಜೆಯು ಪರದೇಶದಲ್ಲಿ ಈ ಕಾರ್ಯ ಮಾಡಿಸಿದರೂ ಅದು ಅಪರಾಧವೆಂದು ಕಾಯಿದೆ ಮಾಡಿತು. ಶಿಕ್ಷೆಗೆ ಗುರಿಯಾಗುವ ತಂದೆತಾಯಿಗಳ ಮನೆಯಲ್ಲಿಯೇ ಆ ಮಗುವು ಬೆಳೆಯಬೇಕಲ್ಲವೆ ಎಂಬ ಪ್ರಶ್ನೆಗೆ ಅದು ಸಮಾಧಾನ ಹೇಳಿದಂತೆ ಕಾಣುವುದಿಲ್ಲ.

ದತ್ತಕದ ವಿಷಯದಲ್ಲಿ ರಾಷ್ಟ್ರಗಳು ಹೀಗೆ ಕೈಚೆಲ್ಲಿ ಕುಳಿತಿರಲಿಲ್ಲ. 1993ನೆಯ ಇಸವಿಯಲ್ಲಿ ಹೇಗ್ ನಗರದಲ್ಲಿ ಒಡಂಬಡಿಕೆಯಾಗಿ, ಹಣದ ಆಮಿಷದಿಂದ ಒಪ್ಪಿಗೆ ಪಡೆಯಬಾರದೆಂದೂ, ತಾಯಿಯ ಒಪ್ಪಿಗೆಯನ್ನು ಮಗು ಹುಟ್ಟಿದ ಮೇಲೆಯೇ ಪಡೆಯಬೇಕೆಂದೂ, ಮಗುವು ಹೋಗುವ ದೇಶವು ಅದನ್ನು ಒಳಗೆ ಬಿಟ್ಟುಕೊಳ್ಳುವುದೆಂದು ಮುಂಚಿತವಾಗಿಯೇ ನಿಶ್ಚಯಿಸಬೇಕೆಂದೂ ಗೊತ್ತುಪಡಿಸಲಾಯಿತು. ಭಾರತವು 2003ರಲ್ಲಿ ಅದಕ್ಕೆ ಸೇರಿತು. ಬದಲಿ ತಾಯ್ತನಕ್ಕೆ ಇಂಥ ಒಡಂಬಡಿಕೆಯು ಇಲ್ಲ. ಅನಾಥ ಶಿಶುವಿಗಿರುವ ರಕ್ಷಣೆಯು ಬಯಸಿ ಪಡೆದ ಶಿಶುವಿಗಿಲ್ಲವೆಂಬುದು ಈ ಕಾಲದ ಒಂದು ವೈಪರೀತ್ಯ.

ಇನ್ನು ಭಾರತದಲ್ಲಿ 2021ರಲ್ಲಿ ಅಂಗೀಕೃತವಾಗಿ 2022ರ ಜನೇವರಿಯಿಂದ ಜಾರಿಗೆ ಬಂದ ಕಾಯಿದೆಯ ಸಾರವನ್ನು ಭಕ್ತರು ತಿಳಿದಿರಬೇಕು. ಹಣಕ್ಕಾಗಿ ಗರ್ಭ ಹೊರುವುದನ್ನು ಅದು ಪೂರ್ಣವಾಗಿ ನಿಷೇಧಿಸಿದೆ. ವೈದ್ಯಕೀಯ ವೆಚ್ಚವನ್ನೂ 36 ತಿಂಗಳ ವಿಮೆಯನ್ನೂ ಬಿಟ್ಟು ಬೇರೇನನ್ನೂ ಹೊತ್ತವಳಿಗೆ ಕೊಡಲಾಗದು. ಹೊರುವವಳು 25ರಿಂದ 35 ವರ್ಷದೊಳಗಿನವಳಾಗಿದ್ದು, ಸ್ವಂತ ಮಗುವುಳ್ಳವಳಾಗಿರಬೇಕು. ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೀಗೆ ಹೊರಬಹುದು. ದಂಪತಿಗಳಲ್ಲಿ ಹೆಂಡತಿಯು 23ರಿಂದ 50, ಗಂಡನು 26ರಿಂದ 55 ವರ್ಷದವರಾಗಿರಬೇಕು. ಒಂಟಿ ಸ್ತ್ರೀಯರಲ್ಲಿ ವಿಧವೆಯರಿಗೂ ವಿಚ್ಛೇದಿತರಿಗೂ 35ರಿಂದ 45ರ ವಯಸ್ಸಿನಲ್ಲಿ ಅವಕಾಶವಿದೆ. ಕೂಲಿಯಿಲ್ಲದೆ ಇಂಥ ಭಾರವನ್ನು ಹೊರಲು ಯಾರು ಬರುವರೆಂದು ಟೀಕಿಸುವವರುಂಟು. ಮನೆಯ ಬಡ ನಾದಿನಿಯನ್ನೋ ನೆಗೆಣ್ಣಿಯನ್ನೋ ಹಿರಿಯರು ಒತ್ತಾಯಿಸಿ ಒಪ್ಪಿಸಬಹುದೆಂಬ ಭಯವೂ ನಿರಾಧಾರವಲ್ಲ. ಒತ್ತಾಯವು ಮನೆಯೊಳಗೆ ನಡೆದರೆ ಅದಕ್ಕೆ ಸಾಕ್ಷಿಯಿರುವುದಿಲ್ಲ.

ಶ್ರೀಮಠದ ಭಕ್ತರ ಮನೆತನಗಳಲ್ಲಿ ಮಕ್ಕಳು ಸೊಸೆಯಂದಿರು ಹೊರದೇಶಗಳಲ್ಲಿ ನೆಲೆಸಿದ್ದರೆ, ಅಥವಾ ಚಿಕಿತ್ಸೆಗಾಗಿ ಹೊರಡುವ ವಿಚಾರವಿದ್ದರೆ, ದಲಾಲನ ಬಣ್ಣದ ಪುಸ್ತಿಕೆಯನ್ನು ಓದುವುದಕ್ಕಿಂತ ಮೊದಲು ಎರಡೂ ದೇಶಗಳ ಕಾಯಿದೆಯನ್ನು ಬಲ್ಲ ವಕೀಲನನ್ನು ಕಾಣುವುದು ಲೇಸು. ಹುಟ್ಟಿದ ದೇಶದ ಜನನಪತ್ರದಲ್ಲಿ ತಾಯಿಯೆಂದು ಯಾರ ಹೆಸರು ಬರುವುದು, ಅದನ್ನು ವಾಸಿಸುವ ದೇಶವು ಮನ್ನಿಸುವುದೋ ಇಲ್ಲವೋ ಎಂಬುದನ್ನು ಗರ್ಭ ನಿಲ್ಲುವುದಕ್ಕಿಂತ ಮುಂಚೆಯೇ ಬರಹದಲ್ಲಿ ಪಡೆಯಬೇಕು. ಭಾರತದ ಪ್ರಜೆಗಳಿಗೆ ಪರದೇಶದಲ್ಲಿ ಮಗು ಹುಟ್ಟಿದರೆ, ಅದರ ಪ್ರಜಾತ್ವಕ್ಕಾಗಿ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸತಕ್ಕದ್ದೆಂದು ನಿಯಮವಿದೆ. ಈ ಗಡುವನ್ನು ಅಲಕ್ಷಿಸಿ ತೊಂದರೆಗೊಳಗಾಗಬಾರದು. ಒಮ್ಮೆಗೇ ಮೂರು ನಾಲ್ಕು ಭ್ರೂಣಗಳನ್ನಿಟ್ಟು ಅವಳಿಗಳ ಆಶೆ ತೋರಿಸುವ ವೈದ್ಯನನ್ನು ನಂಬಬಾರದು. ಅವಳಿ ತ್ರಿವಳಿಗಳ ಗರ್ಭವು ತಾಯಿಗೂ ಶಿಶುಗಳಿಗೂ ಅಪಾಯಕರ, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಅದರಲ್ಲಿ ಹೆಚ್ಚು. ಅಂಡಾಣುವನ್ನಿತ್ತವಳು ಯಾರು, ಹೊತ್ತವಳು ಯಾರು, ಅವಳ ಊರು ಯಾವುದು ಎಂಬ ಕಾಗದಪತ್ರಗಳು ದೊರೆಯುವಂತಿದ್ದರೆ ಅವನ್ನು ಒಡವೆಯ ಪೆಟ್ಟಿಗೆಯಲ್ಲಿಡುವಷ್ಟು ಜೋಕೆಯಿಂದ ಇಡಬೇಕು. ಹದಿನೆಂಟು ಇಪ್ಪತ್ತು ವರ್ಷಗಳ ತರುವಾಯ ಅವನ್ನು ಕೇಳುವವನು ವೈದ್ಯನೂ ಅಲ್ಲ, ಅಧಿಕಾರಿಯೂ ಅಲ್ಲ. ಆ ಹೊತ್ತಿಗೆ ದವಾಖಾನೆಯ ದಫ್ತರಗಳು ಉಳಿದಿರುತ್ತವೆಂಬ ಭರವಸೆಯಿಲ್ಲ.